‘ಗೆಟ್ ಡೌನ್ ಫ್ರಂ ದ ಬಸ್’ ಅಂದ್ರೆ ನಗೋದ್ಯಾಕೆ?

ಕನ್ನಡದ ಮೂಲಕ ಇಂಗ್ಲಿಷ್ ಕಲಿಸೋ ಪುಸ್ತಕಗಳು ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಈಗಲೂ ಸಿಗ್ತವೆ. ಹಳ್ಳಿ ಶಾಲೆಯಿಂದ ಬಂದ ನಮ್ಮಂಥ ಎಷ್ಟೋ ಜನ ಅವನ್ನು ಓದ್ಕೊಂಡೇ ಇಂಟರ್‌ವ್ಯೂಗೆ ಹೋದವರು. ಹಾಗಾಗಿ ಅವನ್ನು ಸುಮ್ಮನೆ ಆಡಿಕೊಳ್ಳೋದು ನನಗೆ ಇಷ್ಟವಿಲ್ಲ. ಆದರೆ ಆ ಪುಸ್ತಕಗಳಲ್ಲಿ ಬರುವ ಒಂದು ಪಟ್ಟಿಯ ಮೇಲೆ ಮಾತ್ರ ನನಗೆ ಹಳೇ ಸಿಟ್ಟು. ಎಡಗಡೆ ‘ಇನ್’, ಬಲಗಡೆ ‘ಅಲ್ಲಿ’. ಎಡಗಡೆ ‘ಟು’, ಬಲಗಡೆ ‘ಗೆ’. ‘ಫ್ರಂ’ ಅಂದ್ರೆ ‘ಇಂದ’. ‘ಆನ್’ ಅಂದ್ರೆ ‘ಮೇಲೆ’. ನಾಲ್ಕು ಸಾಲು ಕೆಳಗೆ ಬಂದರೆ ‘ಅಪ್’ ಅಂದ್ರೂ ‘ಮೇಲೆ’! ಹಾಗಾದ್ರೆ ‘ಅಪ್ ಆನ್ ದ ಹಿಲ್’ ಅಂದ್ರೆ ಏನು, ‘ಮೇಲೆ ಮೇಲೆ ಬೆಟ್ಟ’ನಾ? ಪುಸ್ತಕ ಉತ್ತರ ಕೊಡದೆ ಮುಂದಿನ ಪಾಠಕ್ಕೆ ಹೋಗಿಬಿಡುತ್ತೆ.

ಇಂಗ್ಲಿಷಿನಲ್ಲಿ ಅಪ್, ಡೌನ್, ಔಟ್, ಬ್ಯಾಕ್, ಓವರ್, ಅವೇ ಅನ್ನೋ ಪುಟ್ಟ ಪದಗಳ ಕೆಲಸ ಬೇರೆ. ಆನ್, ಅಟ್, ಇನ್, ಫ್ರಂ ಇವುಗಳ ಕೆಲಸ ಬೇರೆ. ಮೊದಲನೇ ಗುಂಪು ದಿಕ್ಕು ತೋರಿಸುತ್ತೆ, ಸಾಮಾನ್ಯವಾಗಿ ಮಾತಾಡುವವನು ನಿಂತಿರೋ ಜಾಗದ ಲೆಕ್ಕದಲ್ಲಿ. ಎರಡನೇ ಗುಂಪು ಒಂದು ನಿರ್ದಿಷ್ಟ ಜಾಗಕ್ಕೆ ಕಟ್ಟಿಹಾಕುತ್ತೆ. ‘ಡೌನ್ ಅಟ್ ದ ರಿವರ್’, ‘ಔಟ್ ಇನ್ ದ ಫೀಲ್ಡ್ಸ್’. ಮೊದಲು ಕೈ ತೋರಿಸೋದು, ಆಮೇಲೆ ಜಾಗದ ಹೆಸರು ಹೇಳೋದು, ಅಷ್ಟೆ.

ಇದು ನಮಗೆ ಹೊಸದೇನಲ್ಲ. ಪಾಂಡವಪುರದ ಕಡೆ ವಿ.ಸಿ. ನಾಲೆ ಪಕ್ಕದ ಯಾವುದಾದರೂ ಊರಿಗೆ ಹೋಗಿ, ‘ಅಣ್ಣ, ನಿಮ್ಮ ತೋಟ ಎಲ್ಲಿ ಬತ್ತದೆ?’ ಅಂತ ಕೇಳಿ. ‘ಅತ್ಲಾಗೆ, ನಾಲೆಯಿಂದಾಚೆ, ಕೆಳಗಡೆ ಆ ಹುಣಸೇಮರದ ತಾವ’ ಅಂತಾರೆ. ‘ಅತ್ಲಾಗೆ’ ಇಲ್ಲಿ ಸಾಕ್ಷಾತ್ ‘ಓವರ್’. ‘ಕೆಳಗಡೆ’ ಅನ್ನೋದು ‘ಡೌನ್’. ‘ತಾವ’ ಅನ್ನೋದು ‘ಬೈ’ ಅಥವಾ ‘ಅಟ್’. ಅದೇ ‘ಅತ್ಲಾಗ್ ಬಿಸಾಕು’ ಅಂದಾಗ ‘ಅವೇ’ ಆಗಿಬಿಡುತ್ತೆ. ಶ್ರೀರಂಗಪಟ್ಟಣದಲ್ಲಿ ‘ಕೆಳಗೆ ಹೊಳೆ ತಾವ’ ಅಂತಾರೆ, ಮೇಲುಕೋಟೆಯಲ್ಲಿ ಯೋಗಾನರಸಿಂಹನ ಗುಡಿಗೆ ದಾರಿ ಕೇಳಿದರೆ ‘ಮೇಲೆ, ಬೆಟ್ಟದಲ್ಲಿ’ ಅಂತಾರೆ. ‘ಒಳೀಕೆ ಬಾ’, ‘ಆಚೀಕೆ ಹೋಗು’, ‘ಹಿಂದೀಕೆ ಸರಿ’, ‘ಮ್ಯಾಕೆ ಏಳು’ ಅನ್ನೋದನ್ನ ನಡೆಯೋಕೆ ಕಲಿಯುವಾಗಲೇ ಕೇಳಿಸಿಕೊಂಡ ಮಗುವಿಗೆ, ಹೈಸ್ಕೂಲಿನಲ್ಲಿ ಈ ಇಂಗ್ಲಿಷ್ ಪದಗಳು ‘ತುಂಬಾ ಕಷ್ಟ ಮಕ್ಕಳೇ, ಬಾಯಿಪಾಠ ಮಾಡ್ಕೊಳ್ಳಿ’ ಅಂತ ಬರ್ತವೆ.

ತಪ್ಪು ಇಂಗ್ಲಿಷ್ ಪುಸ್ತಕದ್ದಷ್ಟೇ ಅಲ್ಲ, ನಮ್ಮ ಕನ್ನಡ ವ್ಯಾಕರಣದ ಪಾಠದ್ದೂ ಹೌದು. ಮೇಲೆ, ಕೆಳಗೆ, ಒಳಗೆ ಇವೆಲ್ಲ ‘ಅವ್ಯಯ’ ಅಂತ ಶಾಲೆಯಲ್ಲಿ ಓದಿದ್ದೀವಿ. ಅವ್ಯಯ ಅಂದ್ರೆ ರೂಪ ಬದಲಾಗದ್ದು. ಸರಿ, ಹಾಗಾದ್ರೆ ‘ಮೇಲಕ್ಕೆ’, ‘ಮೇಲಿಂದ’, ‘ಮೇಲಿನ’ ಇವೆಲ್ಲ ಎಲ್ಲಿಂದ ಬಂದವು? ‘ಊರು’ ಅನ್ನೋ ಪದದ ಹಾಗೇ ‘ಮೇಲು’ ಕೂಡ ವಿಭಕ್ತಿ ಹಚ್ಕೊಂಡು ಓಡಾಡ್ತಾ ಇದೆಯಲ್ಲ! ಪಂಚಮಿ ವಿಭಕ್ತಿಗೆ ‘ದೆಸೆಯಿಂದ’ ಅಂತ ಬರೆಸಿದ್ದು ಇನ್ನೂ ತಮಾಷೆ. ‘ಮರದ ದೆಸೆಯಿಂದ ಎಲೆ ಬಿತ್ತು’ ಅಂತ ನಾಗಮಂಗಲದ ಸಂತೆಯಲ್ಲಿ ಹೇಳಿ ನೋಡಿ, ಯಾವ ಊರಿನವನಪ್ಪ ಇವನು ಅಂತ ತಿರುಗಿ ನೋಡ್ತಾರೆ. ದೆಸೆ ಅಂದ್ರೂ ದಿಕ್ಕೇ. ಒಂದು ದಿಕ್ಕಿನ ಪದವನ್ನು ವಿಭಕ್ತಿ ಅಂತ ಒಳಗೆ ಕೂರಿಸಿ, ಉಳಿದವನ್ನು ಅವ್ಯಯ ಅಂತ ಜಗಲಿಯ ಮೇಲೆ ನಿಲ್ಲಿಸಿದ ಹಾಗಾಯ್ತು. ಸಂಸ್ಕೃತದ ಅಚ್ಚಿಗೆ ಕನ್ನಡವನ್ನು ಸುರಿದಿದ್ದರಿಂದ ಆಗಿರೋ ಎಡವಟ್ಟು ಇದು. ಡಿ.ಎನ್. ಶಂಕರ ಭಟ್ಟರು 2000ದಲ್ಲಿ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಅಂತ ಪುಸ್ತಕವನ್ನೇ ಬರೆದರು. ಅವರ ಬರವಣಿಗೆಯ ಸ್ಪೆಲ್ಲಿಂಗ್ ಬಗ್ಗೆ ಜಗಳ ಆಡಿದಷ್ಟು ಹುರುಪಿನಲ್ಲಿ ನಾವು ಈ ಮಾತನ್ನು ಕೇಳಿಸಿಕೊಂಡಿದ್ದರೆ ಚೆನ್ನಾಗಿತ್ತು.

ಈಗ ‘ಡೌನ್ ಫ್ರಂ ದ ಹಿಲ್’ ತಗೊಳ್ಳಿ. ಕನ್ನಡದಲ್ಲಿ ‘ಬೆಟ್ಟದಿಂದ ಕೆಳಕ್ಕೆ’. ಬೆಟ್ಟ, ಇಂದ, ಕೆಳಕ್ಕೆ. ಇಂಗ್ಲಿಷನ್ನು ಬಲದಿಂದ ಎಡಕ್ಕೆ ಓದಿದರೆ ಕನ್ನಡ ಬರುತ್ತೆ. ‘ಔಟ್ ಆಫ್ ದ ಹೌಸ್’ ಅನ್ನೋದು ‘ಮನೆಯಿಂದ ಆಚೆಗೆ’. ಕನ್ನಡಿಯಲ್ಲಿ ನೋಡಿದ ಹಾಗೆ. ಕೊನೆಗೆ ‘ಕ್ಕೆ’, ‘ಗೆ’ ಅಂತ ಒಂದು ಬಾಲ ಹೆಚ್ಚಿಗೆ ಇದೆ, ಯಾಕಂದ್ರೆ ನಮ್ಮಲ್ಲಿ ದಿಕ್ಕೂ ಒಂದು ಜಾಗವೇ. ಅಲ್ಲಿಗೂ ‘ಗೆ’ ಹಚ್ಕೊಂಡೇ ಹೋಗಬೇಕು. ಈ ಒಂದು ಮಾತನ್ನು ಬೋರ್ಡಿನ ಮೇಲೆ ಬರೆಯೋಕೆ ಐದು ನಿಮಿಷ ಸಾಕು.

ಬರೆಯದೇ ಇದ್ದರೆ ಏನಾಗುತ್ತೆ? ಕೆ.ಆರ್. ಪೇಟೆ ಕಡೆಯ ಒಬ್ಬಳು ಹುಡುಗಿ, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಕೋಡ್ ಬರೆಯೋದರಲ್ಲಿ ಎತ್ತಿದ ಕೈ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೀಟಿಂಗಿಗೆ ತಡವಾಗಿ ಬಂದು, ‘ಈಗಷ್ಟೇ ಬಸ್ಸಿಂದ ಇಳಿದೆ’ ಅನ್ನೋದನ್ನು ಇಂಗ್ಲಿಷಿನಲ್ಲಿ ‘ಗಾಟ್ ಡೌನ್ ಫ್ರಂ ದ ಬಸ್’ ಅಂದಳು. ಒಬ್ಬ ಪುಣ್ಯಾತ್ಮ ಎಲ್ಲರೆದುರಿಗೂ ‘ಗಾಟ್ ಆಫ್’ ಅಂತ ತಿದ್ದಿದ, ಇಬ್ಬರು ನಕ್ಕರು. ಆಮೇಲೆ ಬಹಳ ದಿನ ಅವಳು ಮೀಟಿಂಗಿನಲ್ಲಿ ಬಾಯಿಬಿಡದೆ ಚಾಟಿನಲ್ಲೇ ಉತ್ತರ ಟೈಪ್ ಮಾಡ್ತಿದ್ದಳು. ಆದರೆ ಅವಳು ಹೇಳಿದ್ದರಲ್ಲಿ ಒಂದು ಲೆಕ್ಕ ಇದೆ. ‘ಇಳಿ’ ಅನ್ನೋ ಕ್ರಿಯಾಪದದ ಹೊಟ್ಟೆಯೊಳಗೇ ‘ಡೌನ್’ ಇದೆ, ‘ಇಂದ’ ಅನ್ನೋದು ‘ಫ್ರಂ’. ಇಂಗ್ಲಿಷಿನವರು ಬಸ್ಸನ್ನು ನಿಂತುಕೊಳ್ಳುವ ಹಲಗೆಯ ಹಾಗೆ ನೋಡಿ ‘ಆನ್’, ‘ಆಫ್’ ಅಂತಾರೆ. ನಾವು ಅದನ್ನು ಎತ್ತರದ ಹಾಗೆ ನೋಡಿ ಹತ್ತುತೀವಿ, ಇಳೀತೀವಿ. ಅದನ್ನು ಅವಳಿಗೆ ಯಾರಾದರೂ ಮೊದಲೇ ವಿವರಿಸಿದ್ದರೆ ಸಾಕಿತ್ತು. ‘ಆಫ್’ ಕಲಿಯಲಿ, ಬೇಡ ಅಂದವರ್ಯಾರು? ನಗೋರಿಗೆ ಮಾತ್ರ ಎರಡು ಭಾಷೆಯಲ್ಲಿ ಒಂದೂ ಅರ್ಥವಾಗಿಲ್ಲ ಅನ್ನೋದು ನನ್ನ ಅನುಮಾನ.

ಇನ್ನೊಂದು ಗೋಜಲು ಅಂದ್ರೆ ಉದ್ದದ ನಾಮಪದಗಳು. ‘ದ ಟೆಂಪಲ್ ಅಪ್ ಆನ್ ದ ಹಿಲ್’ ಅನ್ನೋದರಲ್ಲಿ ವರ್ಣನೆಯೆಲ್ಲ ಗುಡಿಯ ಹಿಂದೆ ಜೋತುಬಿದ್ದಿದೆ. ಕನ್ನಡದಲ್ಲಿ ವರ್ಣನೆ ಮುಂದೆಯೇ ಬರಬೇಕು, ‘ಇನ’ ಅಂತ ಕೊಂಡಿ ಹಾಕ್ಕೊಂಡು ಬರಬೇಕು: ‘ಬೆಟ್ಟದ ಮೇಲಿನ ಗುಡಿ’. ‘ದ ಓಲ್ಡ್ ಮಂಟಪ ಡೌನ್ ಬೈ ದ ರಿವರ್ ಬಿಲೋ ದ ಫೋರ್ಟ್’ ಅಂದ್ರೆ ‘ಕೋಟೆ ಕೆಳಗಿನ ಹೊಳೆ ದಡದ ಹಳೇ ಮಂಟಪ’. ನಮ್ಮ ಕಸುಬಿನವರಿಗೆ ಬೇಗ ಹೊಳೆಯುತ್ತೆ: ಇದು ಸ್ಟ್ಯಾಕ್, ಕೊನೆಗೆ ಹಾಕಿದ್ದು ಮೊದಲು ಆಚೆ ಬರುತ್ತೆ. ‘ಡೌನ್’ ಎಲ್ಲಿ ಹೋಯ್ತು ಅಂತ ಕೇಳಬಹುದು. ಹೊಳೆ ಅಂದಮೇಲೆ ಅದು ತಗ್ಗಿನಲ್ಲೇ ಇರುತ್ತೆ, ಕನ್ನಡ ಅದನ್ನು ಮತ್ತೆ ಹೇಳಲ್ಲ. ಆದರೆ ಅನುವಾದದ ಕನ್ನಡ ಓದಿದರೆ ‘ಯಾವುದು ಕೋಟೆಯ ಕೆಳಗೆ ಇದೆಯೋ ಆ ನದಿಯ ಬಳಿಯಲ್ಲಿ ಕೆಳಗೆ ಇರುವಂತಹ’ ಅಂತ ಉಸಿರು ಕಟ್ಟುತ್ತೆ. ಮಾತುಗಳೆಲ್ಲ ಕನ್ನಡವೇ, ಜೋಡಣೆ ಮಾತ್ರ ಅಲ್ಲ.

ಈ ಪುಟ್ಟ ಪದಗಳ ಜೊತೆ ಸೆಣಸಿದವರಲ್ಲಿ ನಮ್ಮ ಕಡೆಯ ಹೆಸರೂ ಒಂದಿದೆ. ಬಿ.ಎಂ.ಶ್ರೀ ಅವರ ಹೆಸರಿನ ‘ಬಿ’ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಅವರ ‘ಇಂಗ್ಲಿಷ್ ಗೀತಗಳು’ 1926ರದ್ದು. ಅದರಲ್ಲಿ ನ್ಯೂಮನ್ 1833ರಲ್ಲಿ ಬರೆದ ಪ್ರಾರ್ಥನೆಯ ಕನ್ನಡ ರೂಪ ಇದೆ, ನಮ್ಮಲ್ಲಿ ಎಷ್ಟೋ ಜನ ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ಹಾಡಿರೋದು. ಮೂಲದಲ್ಲಿ ‘ಲೀಡ್’ ಅನ್ನೋ ಕ್ರಿಯಾಪದದ ಜೊತೆ ಒಂದು ‘ಆನ್’ ಇದೆ. ನಮ್ಮ ಪಟ್ಟಿಯವರ ಕೈಗೆ ಸಿಕ್ಕಿದ್ದರೆ ಅಲ್ಲೊಂದು ‘ಮೇಲೆ’ ಬರ್ತಿತ್ತೋ ಏನೋ. ಬಿ.ಎಂ.ಶ್ರೀ ಆ ‘ಆನ್’ಗೆ ಪದವನ್ನೇ ಹುಡುಕಲಿಲ್ಲ. ನಡೆಸುವುದರ ಮುಂದೆ ಕೈ ಹಿಡಿಯುವ ಇನ್ನೊಂದು ಕ್ರಿಯೆ ತಂದಿಟ್ಟರು. ಮೂಲದಲ್ಲಿ ಇಲ್ಲದ ಕೈ ಅದು. ಆದರೂ ಮುಂದೆ ಸಾಗಿಸು ಅನ್ನೋ ಭಾವ ಪೂರ್ತಿ ಬಂತು. ನನ್ನ ಪ್ರಕಾರ ಆ ಅನುವಾದ ಇನ್ನೂ ಬದುಕಿರೋದಕ್ಕೆ ಇಂಥ ತೀರ್ಮಾನಗಳೂ ಕಾರಣ.

ಕನ್ನಡದ ದಾರಿಯೇ ಅದು: ಒಂದು ಕ್ರಿಯೆಗೆ ಇನ್ನೊಂದು ಕ್ರಿಯೆಯನ್ನು ಜೋಡಿಸೋದು. ‘ಈಟ್ ಅಪ್’ ಅಂದ್ರೆ ‘ತಿಂದ್ಬಿಡು’. ‘ರೈಟ್ ಡೌನ್’ ಅಂದ್ರೆ ‘ಬರ್ಕೊ’ ಅಥವಾ ‘ಬರೆದಿಡು’. ‘ಕ್ಯಾರಿ ಆನ್’ ಅಂದ್ರೆ ‘ಮಾಡ್ತಾ ಇರು’. ಆಫೀಸಿನಲ್ಲಿ ನಾವು ‘ಬ್ಯಾಕಪ್ ತಗೊಂಡ್ಬಿಡು’, ‘ಲಾಗೌಟ್ ಆಗ್ಬಿಡು’ ಅಂತೀವಲ್ಲ, ಅಲ್ಲಿ ಇಂಗ್ಲಿಷಿನ ಅಪ್, ಔಟ್ ಸತ್ತು ಹೆಸರುಪದದ ಭಾಗವಾಗಿವೆ. ‘ಬಿಡು’ ಬಂದು ಅವುಗಳ ಕೆಲಸ ವಹಿಸಿಕೊಂಡಿದೆ.

ಎಲ್ಲವನ್ನೂ ಹೀಗೆ ಬಿಡಿಸಬಹುದು ಅಂತ ನಾನು ಹೇಳಲ್ಲ. ‘ಪುಟ್ ಅಪ್ ವಿತ್’ ಅಂದ್ರೆ ‘ತಡ್ಕೊ’ ಅಂತ ಯಾವ ದಿಕ್ಕು ಹಿಡಿದು ಹೊರಟರೂ ಗೊತ್ತಾಗಲ್ಲ. ಅಂಥವನ್ನ ಬಾಯಿಪಾಠವೇ ಮಾಡಬೇಕು. ಆದರೆ ಪುಸ್ತಕ ಬರೆಯೋರು ‘ಅಪ್ ಆನ್’, ‘ಡೌನ್ ಅಟ್’, ‘ಔಟ್ ಆಫ್’ಗಳನ್ನೂ ಅದೇ ಗಂಟಿಗೆ ಕಟ್ಟಿ ಮಕ್ಕಳ ತಲೆ ಮೇಲೆ ಹೊರಿಸಿದ್ದಾರೆ. ಮುಂದಿನ ಮುದ್ರಣದಲ್ಲಿ ಆ ಪಟ್ಟಿ ಕಿತ್ತುಹಾಕಿ, ಆ ಪುಟದಲ್ಲಿ ಹುಣಸೇಮರದ ತಾವ ಇರೋ ತೋಟಕ್ಕೆ ದಾರಿ ಹೇಳೋ ನಾಲ್ಕು ಸಾಲು ಹಾಕಲಿ, ಪಕ್ಕದಲ್ಲೇ ಅದರ ಇಂಗ್ಲಿಷ್ ಇರಲಿ.