ಹಿಮ ಬಗೆದು ದಾರಿ ಮಾಡುವವರು

ಅಮೆರಿಕದ ಕೊಲೊರಾಡೊದಲ್ಲಿರುವ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ವರ್ಷಕ್ಕೆ ಸುಮಾರು 40 ಲಕ್ಷ ಜನ ಬರುತ್ತಾರೆ. ಅವರು ಹೊಗಳುವುದು ಶಿಖರಗಳನ್ನು. ನನಗೆ ಬೆರಗು ಉದ್ಯಾನವನ್ನು ವರ್ಷವಿಡೀ ನಡೆಸುವವರ ಬಗ್ಗೆ.

ಅಲ್ಲಿನ ಟ್ರೇಲ್ ರಿಡ್ಜ್ ರಸ್ತೆ 12,183 ಅಡಿ ಎತ್ತರಕ್ಕೇರುತ್ತದೆ. ಅಕ್ಟೋಬರ್‌ನಲ್ಲಿ ಮುಚ್ಚಿದರೆ ತೆರೆಯುವುದು ಸಾಮಾನ್ಯವಾಗಿ ಮೇ ಕೊನೆಗೇ. ಏಪ್ರಿಲ್‌ನಲ್ಲಿ ಪೂರ್ವದಿಂದೊಂದು, ಪಶ್ಚಿಮದಿಂದೊಂದು ತಂಡ ಹಿಮ ತೆಗೆಯುತ್ತ ಹೊರಡುತ್ತವೆ. ಯಂತ್ರಗಳು ಗಟ್ಟಿ ಹಿಮವನ್ನು ಕಡಿದು ಆಚೆಗೆ ತೂರುತ್ತವೆ. ಅಂಚಿಗೆ ತಡೆಗೋಡೆಯೇ ಇಲ್ಲದ ಕಡೆಗಳಲ್ಲಿ ಚಾಲಕನ ಜೀವ ಅವನ ಕೈಯಲ್ಲೇ. ಹಗಲೆಲ್ಲ ಬಗೆದ ದಾರಿಯನ್ನು ರಾತ್ರಿಯ ಗಾಳಿ ಮತ್ತೆ ತುಂಬಿಬಿಡುವುದುಂಟು. ಬೆಳಗಾದರೆ ಮತ್ತೆ ಅದೇ ಕೆಲಸ, ಅದೇ ತಿರುವು.

ಬೇಸಿಗೆಯ ಗೋಳೇ ಬೇರೆ. ನೂಕುನುಗ್ಗಲು ತಡೆಯಲು 2020ರಲ್ಲಿ ಸಮಯ ಕಾದಿರಿಸಿ ಬರುವ ಪದ್ಧತಿ ತಂದರು. ಲಾಂಗ್ಸ್ ಪೀಕ್ ಶಿಖರದ ಹಾದಿಯ ಶೌಚಾಲಯಗಳ ಹೊಲಸನ್ನು ಲಾಮಾ ಎಂಬ ಹೇರುಪ್ರಾಣಿಗಳ ಬೆನ್ನಿಗೆ ಹೇರಿ ಕೆಳಗಿಳಿಸುತ್ತಾರೆ (ಪದಕ ಕೊಡುವುದಾದರೆ ಲಾಮಾಕ್ಕೂ ಒಂದಿರಲಿ). ಆಮೇಲೆ ಎಲ್ಕ್ ಜಿಂಕೆಗಳ ಬೆದೆಗಾಲ. ಆಗ ಸಂಜೆಯಾದರೆ ಕೆಲವು ಹುಲ್ಲುಗಾವಲುಗಳಿಗೆ ಯಾರೂ ಕಾಲಿಡುವಂತಿಲ್ಲ.

ನೀವು ಹೋಗುವವರಿದ್ದರೆ ಪ್ರವೇಶದ ನಿಯಮ ನೋಡಿಕೊಳ್ಳಿ. ಮೇನಲ್ಲಾದರೆ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಿ.