ಹದಿಮೂರು ಗಂಟೆಯ ರಾತ್ರಿ

ರಾತ್ರಿ ಎರಡೂವರೆಯ ಹೊತ್ತಿಗೆ ಹಾಸಿಗೆಯ ಕೆಳಗಿನಿಂದ 'ಟಕ್' ಎಂದಿತು. ಅದರ ಹಿಂದೆಯೇ ನೆಲಕ್ಕೆ ನೀರು ಸುರಿಯುವ ಸದ್ದು. ಗಾಬರಿಯಿಂದ ಎದ್ದು ಟಾರ್ಚ್ ಹಾಕಿದರೆ ವಾಹನದೊಳಗೆ ಏನೂ ಕೆಟ್ಟಿರಲಿಲ್ಲ. ಬಾಯ್ಲರ್‌ಗೆ ಕೂಡಿಸಿದ್ದ ಕವಾಟ ತನ್ನ ಪಾಡಿಗೆ ತನ್ನ ಕೆಲಸ ಮಾಡಿತ್ತು, ಅಷ್ಟೆ. ಸುತ್ತಲಿನ ಉಷ್ಣತೆ 3 ಡಿಗ್ರಿಯ ಆಸುಪಾಸಿಗೆ ಇಳಿದರೆ ಅದು ಯಾರನ್ನೂ ಕೇಳದೆ ತೆರೆದುಕೊಂಡು ಒಳಗಿನ ಹತ್ತು ಲೀಟರ್ ನೀರನ್ನೂ ಹೊರಗೆ ಚೆಲ್ಲಿಬಿಡುತ್ತದೆ. ನೀರು ಹೆಪ್ಪುಗಟ್ಟಿ ಬಾಯ್ಲರ್ ಸೀಳಿಹೋಗದಿರಲೆಂದು ಮಾಡಿದ ಏರ್ಪಾಡು. ಹೀಟರ್ ಆರಿಸಿ ಮಲಗಿದ್ದು ನಮ್ಮದೇ ತಪ್ಪು.

"ಹೋಯ್ತು ಮಾರಾಯ, ನಾಳೆಯ ಸ್ನಾನ" ಎಂದು ಗೆಳೆಯ ಕಂಬಳಿಯೊಳಗಿನಿಂದಲೇ ಗೊಣಗಿ ಮಗ್ಗುಲು ಬದಲಿಸಿದ.

ಅವನು ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ವಾಹನ ಅವನದು. ಅಕ್ಟೋಬರ್‌ನ ಎರಡನೆಯ ವಾರ. ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದಲ್ಲಿ, ಸೂಸಾ ಮತ್ತು ಕಿಸೋನೆ ಕಣಿವೆಗಳ ನಡುವಿನ ಬೆಟ್ಟದ ಏಣಿನ ಮೇಲೆ, ಆ ವರ್ಷದ ಮಟ್ಟಿಗೆ ಬಾಗಿಲು ಹಾಕುತ್ತಿದ್ದ ಒಂದು ತಂಗುಮನೆಯ ಅಂಗಳದಲ್ಲಿ ಗಾಡಿ ನಿಲ್ಲಿಸಿದ್ದೆವು. ಯಜಮಾನನನ್ನು ಕೇಳಿದ್ದಕ್ಕೆ, "ನಿಲ್ಲಿಸಿಕೊಳ್ಳಿ, ಆದರೆ ನಲ್ಲಿಯಲ್ಲಿ ನೀರಿಲ್ಲ, ಪೈಪುಗಳನ್ನು ಖಾಲಿ ಮಾಡಿದ್ದೇನೆ" ಎಂದಿದ್ದ. ಅವನು ಮಾಡಿದ್ದನ್ನು ನೋಡಿಯಾದರೂ ನಾವು ಕಲಿಯಬೇಕಿತ್ತು.

ಆಲ್ಪ್ಸ್‌ನ ಎತ್ತರದ ಮಣ್ಣುದಾರಿಗಳಲ್ಲಿ ಆಫ್-ರೋಡ್ ಕ್ಯಾಂಪರ್ (ಒಳಗೇ ಮಲಗಿ, ಅಡುಗೆ ಮಾಡಿಕೊಳ್ಳಬಹುದಾದ ಗಾಡಿ) ಓಡಿಸುವುದು ಈಗ ಯುರೋಪಿನಲ್ಲಿ ಒಂದು ಗೀಳಾಗಿಯೇ ಬೆಳೆದಿದೆ. ಜಾಹೀರಾತುಗಳಲ್ಲಿ ಈ ಗಾಡಿ ಸದಾ ಓಡುತ್ತಿರುತ್ತದೆ: ದೂಳೆಬ್ಬಿಸುತ್ತದೆ, ತೊರೆ ದಾಟುತ್ತದೆ, ಕೆಸರು ಚಿಮ್ಮಿಸುತ್ತದೆ. ಓಡುವ ಗಾಡಿಯನ್ನು ನೋಡಿ ಈ ಹವ್ಯಾಸವನ್ನು ಅಳೆದರೆ ಲೆಕ್ಕ ತಪ್ಪುತ್ತದೆ ಎನ್ನುವುದು ನನ್ನ ವಾದ. ಇದು ಕೊಡುವ ಲಾಭ ರಾತ್ರಿಯದು, ಕೇಳುವ ಬೆಲೆಯೂ ರಾತ್ರಿಯದೇ. ಅಕ್ಟೋಬರ್ ನಡುವಿನಲ್ಲಿ ಇಲ್ಲಿನ ರಾತ್ರಿ ಹದಿಮೂರು ಗಂಟೆ ಉದ್ದ. ಹಾಗಾಗಿ ಶರತ್ಕಾಲದಷ್ಟು ಒಳ್ಳೆಯ ಪರೀಕ್ಷೆಯ ಕಾಲ ಇನ್ನೊಂದಿಲ್ಲ.

ಮೊದಲು ದಾರಿಗಳ ಮಾತು. 'ಕಾಡುದಾರಿ', 'ಯಾರೂ ತುಳಿಯದ ದಾರಿ' ಎಂಬ ವರ್ಣನೆಗಳನ್ನು ಇಲ್ಲಿ ನಂಬಬಾರದು. 1882ರಲ್ಲಿ ಇಟಲಿ ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೆರಿಗಳ ಕೂಟ ಸೇರಿದ ಮೇಲೆ ಫ್ರಾನ್ಸ್ ಕಡೆಯ ಗಡಿ ಬಿಸಿಯೇರಿತು. ಏಣುಗಳ ಮೇಲೆ ಕೋಟೆಗಳೆದ್ದವು, ಅವುಗಳಿಗೆ ತೋಪು ಸಾಗಿಸಲು ದಾರಿಗಳಾದವು. 1930ರ ದಶಕದಲ್ಲಿ ಮುಸೊಲಿನಿಯ ಸರ್ಕಾರ 'ವಾಲ್ಲೊ ಆಲ್ಪಿನೊ' ಎಂಬ ರಕ್ಷಣಾ ಸಾಲಿಗಾಗಿ ಇನ್ನಷ್ಟು ಕಾಂಕ್ರೀಟು ಸುರಿಯಿತು. ಭಾರ ಹೊತ್ತ ಹೇಸರಗತ್ತೆಗಳು ದಣಿಯದಂತೆ ಅಂದಿನ ಎಂಜಿನಿಯರುಗಳು ಏರನ್ನು ಉದ್ದಕ್ಕೆ ಹಂಚಿ ತಿರುವುಗಳನ್ನು ಹೆಣೆದರು. ಇಂದು ಸ್ಟಿಯರಿಂಗ್ ಹಿಡಿದವನು ತನ್ನ ಕೈಚಳಕ ಎಂದುಕೊಳ್ಳುವುದರಲ್ಲಿ ಬಹುಪಾಲು ಆ ಹೇಸರಗತ್ತೆಗಳಿಗೆ ತೋರಿದ ದಯೆ.

ನಾವಿದ್ದ ಅಸ್ಸಿಯೆಟ್ಟ ದಾರಿ ಕಾಗದದಲ್ಲಿ 173ನೇ ನಂಬರಿನ ಪ್ರಾಂತೀಯ ರಸ್ತೆ. ಕೊಲ್ಲೆ ದೆಲ್ಲೆ ಫಿನೆಸ್ತ್ರೆ ಘಾಟಿಯ ಬಳಿಯಿಂದ ಸೆಸ್ತ್ರಿಯೆರೆ ಊರಿನವರೆಗೆ ಸುಮಾರು 35 ಕಿಲೋಮೀಟರ್. ಹೆಚ್ಚಿನ ಭಾಗ 2,000 ಮೀಟರ್‌ಗಿಂತ ಮೇಲೆ. 1747ರ ಜುಲೈ 19ರಂದು ಈ ಏಣಿನ ಮೇಲೆ ಪೀಡ್‌ಮಾಂಟ್ ಕಡೆಯ ಪಡೆ ತನಗಿಂತ ದೊಡ್ಡದಾದ ಫ್ರೆಂಚ್ ದಂಡನ್ನು ಹಿಮ್ಮೆಟ್ಟಿಸಿತ್ತು. ದಕ್ಷಿಣದಲ್ಲಿ, ಲಿಮೋನೆ ಪಿಯೆಮೊಂತೆಯಿಂದ ಮೊನೇಸಿಗೆ ಹೋಗುವ 39 ಕಿಲೋಮೀಟರಿನ ದಾರಿಗೆ 'ಉಪ್ಪಿನ ದಾರಿ' ಎಂಬ ರುಚಿಕಟ್ಟಾದ ಹೆಸರಿದೆ. ಕಡಲ ಕಡೆಯಿಂದ ಉಪ್ಪು ಹೊತ್ತವರು ಈ ಬೆಟ್ಟಗಳನ್ನು ದಾಟುತ್ತಿದ್ದುದು ನಿಜ. ಆದರೆ ಈಗ ಗಾಡಿ ಓಡುವ, ಏಣಿನುದ್ದಕ್ಕೂ ಸಾಗುವ ರಸ್ತೆ ಸೈನ್ಯ ಮಾಡಿದ್ದು. ತೋಪಿಗಿಂತ ಉಪ್ಪಿನ ಹೆಸರು ಪ್ರವಾಸಿಗೆ ಹಿತ. ಸುಂಕ ಕಟ್ಟಿದರೆ ಒಳಗೆ ಬಿಡುತ್ತಾರೆ. ದಿನಕ್ಕೆ ಇಷ್ಟೇ ಗಾಡಿ ಎಂಬ ಮಿತಿಯಿದೆ. ಈಚಿನ ವರ್ಷಗಳ ನಿಯಮದಂತೆ ಮಂಗಳವಾರ ಮತ್ತು ಗುರುವಾರ ದಾರಿ ನಡೆಯುವವರಿಗೆ, ಸೈಕಲ್ಲಿನವರಿಗೆ ಮೀಸಲು. ಸುಂಕ, ಮಿತಿ, ರಜೆಗಳಿಂದಲೇ ಇದು ಇನ್ನೂ ನೋಡುವಂತಿದೆ.

ಇಂಥ ದಾರಿಗೆ ಕ್ಯಾಂಪರ್ ಎಷ್ಟು ತಕ್ಕದ್ದು? ಎರಡನೆಯ ದಿನ ಮಧ್ಯಾಹ್ನ ಒಂದು ತಿರುವಿನಲ್ಲಿ ಎದುರಿಗೆ ಹಳೆಯ ಫಿಯಟ್ ಪಾಂಡ ಬಂತು, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಮಾದರಿ. ಹಿಂದಿನ ಸೀಟಿನಲ್ಲಿ ಒಂದು ನಾಯಿ, ಅದರ ಪಕ್ಕ ಕಟ್ಟುಕಟ್ಟಾಗಿ ಬೇಲಿಯ ಗೂಟಗಳು. ದನಗಳು ಕೆಳಗಿಳಿದ ಮೇಲೆ ದನಗಾಹಿಗಳಿಗೆ ಉಳಿಯುವ ಕೆಲಸ ಅದು: ಕರೆಂಟು ಬೇಲಿಯ ತಂತಿ ಸುತ್ತುವುದು, ಗೂಟ ಕೀಳುವುದು. ನಮ್ಮದು ಮೂರು ಟನ್ ತೂಗುವ, ಎರಡು ಮೀಟರ್ ಅಗಲದ ಗಾಡಿ. ಹಿಂದಕ್ಕೆ ಹೋಗೋಣವೋ, ಒತ್ತಿಗೆ ಸರಿಯೋಣವೋ ಎಂದು ನಾವು ಚರ್ಚೆ ಮಾಡುವಷ್ಟರಲ್ಲಿ ಪಾಂಡದವನು ಕನ್ನಡಿ ಮಡಚಿ, ಎರಡು ಚಕ್ರವನ್ನು ದಿಬ್ಬದ ಮೇಲೆ ಹತ್ತಿಸಿ, ಎರಡು ಬೆರಳೆತ್ತಿ ನಮಸ್ಕಾರ ಹೇಳಿ ದಾಟಿಹೋದ.

ಇಲ್ಲೊಂದು ತಮಾಷೆಯ ನೆಂಟಸ್ತಿಕೆಯಿದೆ. 1983ರಲ್ಲಿ ಬಂದ ಪಾಂಡದ ಈ ಮಾದರಿಗೆ ನಾಲ್ಕು ಚಕ್ರದ ಏರ್ಪಾಡು ಮಾಡಿಕೊಟ್ಟದ್ದು ಆಸ್ಟ್ರಿಯಾದ ಸ್ಟೈಯರ್-ಪುಖ್ ಕಂಪನಿ. ಕ್ಯಾಂಪರ್ ಪ್ರಿಯರು ಇಂದಿಗೂ ಕಣ್ಣಿಗೊತ್ತಿಕೊಳ್ಳುವ ಫೋಕ್ಸ್‌ವ್ಯಾಗನ್ ಟಿ3 ಸಿಂಕ್ರೊ ವ್ಯಾನನ್ನು ಗ್ರಾಟ್ಸ್ ಊರಿನಲ್ಲಿ ಜೋಡಿಸುತ್ತಿದ್ದುದೂ ಅದೇ ಕಂಪನಿ. ಒಂದೇ ಮನೆತನದ ಎರಡು ಗಾಡಿಗಳು. ಒಂದು ದುಡಿಮೆಗೆ, ಇನ್ನೊಂದು ಕನಸಿಗೆ. ದಾರಿ ಸಾಗಿಸುವ ಮಟ್ಟಿಗೆ ದುಡಿಮೆಯದೇ ಮೇಲುಗೈ. ಕ್ಯಾಂಪರ್ ಎತ್ತರದ ಗಾಡಿ, ಮೇಲ್ಭಾಗ ಭಾರ. ಒಂದು ಬದಿಯ ಚಕ್ರ ಗುಂಡಿಗಿಳಿದರೆ ಪಾತ್ರೆಪಗಡಿ ಸಮೇತ ಇಡೀ ಮನೆ ವಾಲುತ್ತದೆ. ಓಡಿಸುವವನ ಕಣ್ಣು ಮುಂದಿನ ಹತ್ತು ಮೀಟರ್ ಜಲ್ಲಿಯ ಮೇಲೆ ನೆಟ್ಟಿರುತ್ತದೆ. ಬೆಟ್ಟ ಕಾಣುವುದು ಪಕ್ಕದಲ್ಲಿ ಕೂತವನಿಗೆ. ದೊಡ್ಡ ಟೈರು, ವಿಂಚು, ಏಣಿ, ಡಬ್ಬಿಗಳನ್ನು ಹೇರಿಕೊಂಡು ಲಾರಿಯಂತಾದ ಗಾಡಿಗಳನ್ನೂ ಅಲ್ಲಿ ನೋಡಿದೆ. ಅಸ್ಸಿಯೆಟ್ಟದಂಥ ದಾರಿಗೆ ಅಷ್ಟೆಲ್ಲ ಕಟ್ಟಿಕೊಂಡು ಬರುವುದು ಕೆರೆ ದಾಟಲು ಹಡಗು ತಂದಂತೆ.

ಹಾಗಾದರೆ ಕ್ಯಾಂಪರ್ ಯಾಕೆ? ಸಂಜೆ ಆರೂವರೆಗೆ ಉತ್ತರ ಸಿಗುತ್ತದೆ. ಹಗಲು ಬಂದ ಬೈಕುಗಳು, ಪಾಂಡಗಳು ಆ ಹೊತ್ತಿಗೆ ಕೆಳಗಿಳಿದಿರುತ್ತವೆ. ಲಾರ್ಚ್ ಮರಗಳ ಮೇಲೆ ಕೊನೆಯ ಬಿಸಿಲು. ಮಧ್ಯ ಯುರೋಪಿನಲ್ಲಿ ಸಹಜವಾಗಿ ಬೆಳೆಯುವ ಸೂಚಿಪರ್ಣಿಗಳಲ್ಲಿ ಚಳಿಗಾಲಕ್ಕೆ ಎಲೆ ಉದುರಿಸುವ ಮರ ಇದೊಂದೇ. ಉದುರುವ ಮುನ್ನ ಇಡೀ ಇಳಿಜಾರು ಅರಿಸಿನ ಬಳಿದಂತಾಗುತ್ತದೆ. ಕಣಿವೆಯಾಚೆ 3,538 ಮೀಟರಿನ ರೊಚ್ಚಮೆಲೋನೆ ಶಿಖರ ಕೆಂಪಾಗಿ, ಆಮೇಲೆ ಬೂದಿಯಾಗಿ ಆರಿಹೋಗುತ್ತದೆ. ದನಗಳ ಕೊರಳಗಂಟೆಯಿಲ್ಲ. ಬೇಸಿಗೆಯುದ್ದಕ್ಕೂ ಸಿಳ್ಳೆ ಹಾಕುವ ಮಾರ್ಮೊಟ್‌ಗಳು ಬಿಲ ಮುಚ್ಚಿ ನಿದ್ದೆಗಿಳಿದಿವೆ. ಈ ನಿಶ್ಶಬ್ದದೊಳಗೆ ಕೆಳಗಿನ ಕಾಡಿನಿಂದ ಒಂದು ಕೂಗು ಏಳುತ್ತದೆ. ನಮ್ಮ ಕಡವೆಯ ದಾಯಾದಿಯಾದ ಕೆಂಪು ಜಿಂಕೆಯ ಗಂಡು, ಬೆದೆಯ ಕಾಲದ ಕೊನೆಯಲ್ಲಿ, ಎಮ್ಮೆ ಕೆಮ್ಮಿದಂತೆ ಶುರುಮಾಡಿ ಗೂಳಿಯಂತೆ ಮುಗಿಸುತ್ತದೆ. ಅದನ್ನು ಕೇಳಲೆಂದೇ ನಾವು ಹೀಟರ್ ಆರಿಸಿದ್ದು.

ಇದು ಹಗಲಿನ ಪ್ರವಾಸಿಗೆ ದಕ್ಕದು. ಡೇರೆಯಲ್ಲಿ ಮಲಗುವ ಗಟ್ಟಿಗರಿಗೆ ದಕ್ಕೀತು, ಆದರೆ ಸೊನ್ನೆಯ ಕೆಳಗಿನ ಹದಿಮೂರು ಗಂಟೆ ಎಲ್ಲರ ಮೈಗೂ ಒಗ್ಗುವುದಿಲ್ಲ. ಐವತ್ತು ದಾಟಿದವರನ್ನೂ ಮಂಡಿನೋವಿನವರನ್ನೂ ಆ ಕೂಗಿನ ಹತ್ತಿರಕ್ಕೆ ತಂದು ಕೂರಿಸುವುದು ಕ್ಯಾಂಪರ್‌ನ ದೊಡ್ಡ ಗುಣ. ಅದನ್ನು ಜುಗ್ಗತನ ಮಾಡದೆ ಒಪ್ಪಬೇಕು. ಆದರೆ ಏಕಾಂತ ಸಿಕ್ಕಿತೆಂದು ಬೀಗುವಂತಿಲ್ಲ. ಕೆಳಗೆ ನೋಡಿದರೆ ಎ32 ಹೆದ್ದಾರಿಯಲ್ಲಿ ಫ್ರೆಜುಸ್ ಸುರಂಗದತ್ತ ಸಾಗುವ ಲಾರಿಗಳ ದೀಪದ ಸಾಲು ಕಾಣುತ್ತದೆ.

ಈಗ ಬೆಲೆಯ ಮಾತು. ಚಳಿ ಮೊದಲು ಪರೀಕ್ಷಿಸುವುದು ಗ್ಯಾಸನ್ನು. ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗಲು ಒಪ್ಪುವುದಿಲ್ಲ. ಒಲೆ ಮಂಕಾಗಿ ಉರಿದು ನಂದುತ್ತದೆ. ಪ್ರೊಪೇನ್ ಆದರೆ ಮೈನಸ್ 42ರವರೆಗೂ ತಡೆಯುತ್ತದೆ. ಹೊರಡುವ ಮುಂಚೆ ಯಾವ ಸಿಲಿಂಡರ್ ಎಂದು ನೋಡದವರು ಮುಂಜಾನೆ ತಣ್ಣನೆ ಬ್ರೆಡ್ಡು ತಿನ್ನುತ್ತಾರೆ. 2,400 ಮೀಟರ್‌ನಲ್ಲಿ ನೀರು 92 ಡಿಗ್ರಿಗೇ ಕುದಿಯುವುದರಿಂದ ಬೇಳೆ ಬೇಯಿಸಹೊರಟರೆ ಕುಕ್ಕರ್ ಇರಲೇಬೇಕು. ಡೀಸೆಲ್ ಹೀಟರಿಗೆ ತೆಳುಗಾಳಿ ಸಾಲದೆ ಒಳಗೆ ಮಸಿ ಕಟ್ಟುತ್ತದೆ. ಎತ್ತರಕ್ಕೆ ಹೊಂದಿಕೊಳ್ಳುವ ಏರ್ಪಾಡು ಇಲ್ಲದಿದ್ದರೆ ಕೆಲವು ರಾತ್ರಿಗಳಲ್ಲೇ ಕೈಕೊಡುತ್ತದೆ. ಅದು ಕೈಕೊಡದಿದ್ದರೂ ಅದರ ಫ್ಯಾನಿನ ಗುಂಯ್‌ಗುಡುವ ಸದ್ದು ನಾವು ಕೇಳಬಂದ ನಿಶ್ಶಬ್ದವನ್ನು ತಿನ್ನುತ್ತದೆ. ಬೆಚ್ಚಗೆ ಇರಬೇಕೆಂದರೆ ಜಿಂಕೆ ಕೇಳಿಸುವುದಿಲ್ಲ. ಜಿಂಕೆ ಕೇಳಬೇಕೆಂದರೆ ಬಾಯ್ಲರ್ ಬರಿದಾಗುತ್ತದೆ.

ಎರಡನೆಯದು ಕಾನೂನು. ಫ್ರಾನ್ಸ್ 1991ರ ಜನವರಿ 3ರ ಕಾಯ್ದೆಯಿಂದ ಸಾರ್ವಜನಿಕ ಸಂಚಾರಕ್ಕೆ ತೆರೆದ ದಾರಿ ಬಿಟ್ಟು ಬೇರೆಡೆ ವಾಹನ ಓಡಿಸುವುದನ್ನು ನಿಷೇಧಿಸಿದೆ. ಆಸ್ಟ್ರಿಯಾದಲ್ಲಿ 1975ರ ಅರಣ್ಯ ಕಾಯ್ದೆಯಡಿ ಕಾಡಿನ ದಾರಿಗಳಿಗೆ ಅನುಮತಿಯಿಲ್ಲದೆ ಗಾಡಿ ಇಳಿಸುವಂತಿಲ್ಲ. ಹೀಗಾಗಿ ಮಣ್ಣುದಾರಿಯ ಆಸೆಯವರೆಲ್ಲ ಪೀಡ್‌ಮಾಂಟಿನ ಈ ಮೂಲೆಗೆ ಮುಗಿಬೀಳುತ್ತಾರೆ. ಇಟಲಿಯ ರಸ್ತೆ ಸಂಹಿತೆಯ 185ನೇ ಕಲಮು ಕ್ಯಾಂಪರ್ ಬಗ್ಗೆ ಸೂಕ್ಷ್ಮವಾಗಿ ಮಾತಾಡುತ್ತದೆ. ಗಾಡಿ ಚಕ್ರಗಳ ಮೇಲಷ್ಟೇ ನಿಂತಿರಬೇಕು, ಎಂಜಿನ್ನಿನದು ಬಿಟ್ಟು ತನ್ನ ಯಾವ ಸ್ರಾವವನ್ನೂ ಹೊರಗೆ ಬಿಡಬಾರದು, ರಸ್ತೆಯಲ್ಲಿ ತನ್ನ ಮೈಯಳತೆಗಿಂತ ಹೆಚ್ಚು ಜಾಗ ಹಿಡಿಯಬಾರದು. ಹಾಗಿದ್ದರೆ ಅದು ನಿಲುಗಡೆ, ಇಲ್ಲದಿದ್ದರೆ ಬಿಡಾರ. ನೆರಳಿನ ಪರದೆ ಬಿಚ್ಚಿ ಎರಡು ಕುರ್ಚಿ ಹಾಕಿದಿರೋ, ನೀವು ಬಿಡಾರ ಹೂಡಿದಿರಿ. ಅದರ ಮೇಲೆ ಸ್ಥಳೀಯ ಪಂಚಾಯಿತಿಗಳ ಆದೇಶಗಳು, ರಕ್ಷಿತ ವನಗಳ ನಿಯಮಗಳು ಬೇರೆ. ಹಲವರಿಗೆ ಇದು ಕಿರಿಕಿರಿ. ನನಗಂತೂ ಈ ಹವ್ಯಾಸದ ಬಗ್ಗೆ ಬರೆದದ್ದರಲ್ಲೆಲ್ಲ ಇದೇ ಅತ್ಯಂತ ವಿವೇಕದ ಬರವಣಿಗೆ ಎನಿಸಿತು. ಆದರೆ ನಿಯಮಗಳಲ್ಲೊಂದು ಓರೆಯಿದೆ. ಅಸ್ಸಿಯೆಟ್ಟದಲ್ಲಿ ವಾರಕ್ಕೆರಡು ಹಗಲು ಮೋಟಾರು ನಿಲ್ಲಿಸುವ ಶಿಸ್ತು ಜುಲೈ, ಆಗಸ್ಟ್‌ಗೆ ಸೀಮಿತ. ಬೆದೆಯ ಜಿಂಕೆಗೆ ನೆಮ್ಮದಿ ಬೇಕಾದ ಶರತ್ಕಾಲದಲ್ಲಿ ಆ ಬಿಡುವಿಲ್ಲ. ಮನುಷ್ಯರ ಜಂಗುಳಿ ನೋಡಿ ಮಾಡಿದ ನಿಯಮವಾದ್ದರಿಂದ ಜಂಗುಳಿ ಕರಗಿದೊಡನೆ ಅದೂ ಕರಗುತ್ತದೆ.

ಮೂರನೆಯದು ಆಕಾಶ. ಶರತ್ಕಾಲವೆಂದರೆ ನಿರ್ಮಲ ಎಂಬ ನಮ್ಮ ಎಣಿಕೆ ಇಲ್ಲಿ ಅರ್ಧ ನಿಜ. 2020ರ ಅಕ್ಟೋಬರ್ 2 ಮತ್ತು 3ರಂದು ಬಂದ ಅಲೆಕ್ಸ್ ಬಿರುಮಳೆ ರೋಯಾ ಕಣಿವೆಯ ರಸ್ತೆ, ಸೇತುವೆ, ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಉಪ್ಪಿನ ದಾರಿಯ ತುದಿಯಲ್ಲೇ ಇದ್ದು ಆ ಕಣಿವೆಗೆ ಸಾಗುವ ತೆಂದಾ ಸುರಂಗದ ಸಂಚಾರ ಮತ್ತೆ ಶುರುವಾದದ್ದು 2025ರ ಜೂನ್‌ನಲ್ಲಿ. ಒಂದು ರಾತ್ರಿಯ ಹಿಮ ಬಿದ್ದರೂ ಸಾಕು, ಮೇಲಿನ ದಾರಿ ವಸಂತದವರೆಗೆ ಮುಚ್ಚಿಹೋದೀತು. ಆಗ ವಿಂಚು ಉಪಯೋಗಕ್ಕೆ ಬರುವುದಿಲ್ಲ. ಹಿಂದಿನ ಸಂಜೆಯೇ ಇಳಿದುಬಿಡುವ ಬುದ್ಧಿಯೇ ಉಪಯೋಗಕ್ಕೆ ಬರುತ್ತದೆ.

ಬೆಲೆಗಳಲ್ಲೆಲ್ಲ ಭಾರವಾದದ್ದನ್ನು ನೋಡಲು ಬಾರ್ದೊನೆಕ್ಕಿಯದಿಂದ ಸೊಮ್ಮೆಯೆ ಘಾಟಿಗೆ ಹೋಗಬೇಕು. ಆಲ್ಪ್ಸ್‌ನಲ್ಲಿ ಗಾಡಿಯಲ್ಲಿ ಹೋಗಬಹುದಾದ ಮಣ್ಣುದಾರಿಗಳಲ್ಲಿ ಇದರಷ್ಟು ಎತ್ತರದ್ದಿಲ್ಲ, ಸುಮಾರು 3,000 ಮೀಟರ್. ಹೆಸರು ಫ್ರೆಜುಸ್ ರೈಲು ಸುರಂಗದ ಎಂಜಿನಿಯರ್ ಜೆರ್ಮಾಂ ಸೊಮ್ಮೆಯೆಯದು. ಈ ದಾರಿಯನ್ನು ಸೈನ್ಯ ಮಾಡಿದ್ದಲ್ಲ. 1960ರ ದಶಕದಲ್ಲಿ, ಬೇಸಿಗೆಯಲ್ಲೂ ಹಿಮನದಿಯ ಮೇಲೆ ಸ್ಕೀ ಆಡಲು ಬರುವವರಿಗಾಗಿ ಮಾಡಿದ್ದು. ಹಿಮನದಿ ಸವೆಯುತ್ತ ಹೋಯಿತು, 1980ರ ದಶಕಕ್ಕೆ ಸ್ಕೀ ನಿಂತಿತು, ದಾರಿ ಉಳಿಯಿತು. ಯಾವುದಕ್ಕಾಗಿ ದಾರಿ ಮಾಡಿದರೋ ಅದು ಕರಗಿಹೋದ ಜಾಗಕ್ಕೆ ಈಗ ನಾವು ಡೀಸೆಲ್ ಉರಿಸಿಕೊಂಡು ನೋಟ ನೋಡಲು ಹೋಗುತ್ತೇವೆ. ನಾನೂ ಹೋದೆ. ಅಲ್ಲಿ ಇಳಿದು ಫೋಟೋ ತೆಗೆದುಕೊಳ್ಳುವಾಗ ಸಾವಿನ ಮನೆಯಲ್ಲಿ ಊಟ ಚೆನ್ನಾಗಿದೆ ಎಂದು ಹೊಗಳಿದ ಮುಜುಗರವಾಯಿತು.

ಇಷ್ಟಾದ ಮೇಲೂ ಈ ಹವ್ಯಾಸ ಬೇಡವೆನ್ನಲು ನನಗೆ ಮನಸ್ಸಿಲ್ಲ. ಗಾಡಿ ಚಿಕ್ಕದಿರಲಿ. ದಿನಕ್ಕೊಂದು ಘಾಟಿ ಎಣಿಸುವುದನ್ನು ಬಿಟ್ಟು ಒಂದೇ ಏಣಿನ ಮೇಲೆ ಎರಡು ರಾತ್ರಿ ಕಳೆಯಲಿ. ಎರಡನೆಯ ಹಗಲು ಕೀಲಿ ಜೇಬಿನಲ್ಲಿಟ್ಟು ನಡೆಯಲಿ. ಜಾಗದವರನ್ನು ಕೇಳಿ ನಿಲ್ಲಲಿ, ಚೀಸ್, ರೊಟ್ಟಿ, ಚೆಸ್ಟ್‌ನಟ್‌ಗಳನ್ನು ಕೆಳಗಿನ ಊರಿನಲ್ಲೇ ಕೊಳ್ಳಲಿ. ಈ ಷರತ್ತುಗಳಿಗೆ ಒಪ್ಪುವವರಿಗೆ ಅಕ್ಟೋಬರ್‌ನ ಆಲ್ಪ್ಸ್ ಜುಲೈಗಿಂತ ಹತ್ತು ಪಾಲು ಮೇಲು. ಒಪ್ಪದವರಿಗೆ ಊರ ಹೊರಗಿನ ಕಲ್ಲುಕ್ವಾರಿಯೇ ಸಾಕು, ಅಲ್ಲೂ ಕೆಸರು ಚಿಮ್ಮುತ್ತದೆ.

ಬೆಳಿಗ್ಗೆ ಏಳೂವರೆಗೆ ಹೊರಟೆವು. ರಾತ್ರಿ ಬಿದ್ದ ಇಬ್ಬನಿಯೆಲ್ಲ ಹೆಪ್ಪುಗಟ್ಟಿ ಅಂಗಳ ಸುಣ್ಣ ಬಳಿದಂತಿತ್ತು. ಗಾಡಿ ನಾಲ್ಕು ಮಾರು ಮುಂದೆ ಸರಿದ ಮೇಲೆ ಬಾಗಿಲು ಸರಿಯಾಗಿ ಹಾಕಿದೆಯೋ ಎಂದು ನೋಡಲು ಇಳಿದವನು ಹಿಂತಿರುಗಿ ನೋಡಿದೆ. ನಾವು ನಿಂತಿದ್ದ ಜಾಗದಲ್ಲಿ ಮಾತ್ರ ಹುಲ್ಲು ಹಸಿರಾಗಿ ಉಳಿದಿತ್ತು, ಗಾಡಿಯ ಉದ್ದಗಲಕ್ಕೆ ಸರಿಯಾಗಿ, ಗೀಟೆಳೆದಂತೆ. 185ನೇ ಕಲಮಿನವರು ಟೇಪು ಹಿಡಿದು ಬಂದಿದ್ದರೂ ತಪ್ಪು ಸಿಗುತ್ತಿರಲಿಲ್ಲ. ಒಂದು ಮೂಲೆಯಲ್ಲಷ್ಟೇ, ಕವಾಟದ ನೀರು ಗೀಟು ದಾಟಿ ಒಂದು ಮೊಳ ಹರಿದು ಗಾಜಾಗಿತ್ತು. ಗೆಳೆಯ ಇಳಿದುಬಂದು ಅದನ್ನು ಬೂಟಿನ ಹಿಮ್ಮಡಿಯಿಂದ ಒಡೆದು, ಚೂರುಗಳನ್ನು ದಾರಿಯಂಚಿನ ಜಲ್ಲಿಗೆ ತಳ್ಳಿದ. ತಂಗುಮನೆಯ ಯಜಮಾನ ಕಿಟಕಿಯ ಹಲಗೆಗಳಿಗೆ ಮೊಳೆ ಹೊಡೆಯುವುದನ್ನು ಒಂದು ಗಳಿಗೆ ನಿಲ್ಲಿಸಿ ನೋಡಿ, ಮತ್ತೆ ಸುತ್ತಿಗೆ ಎತ್ತಿದ.