ದಿನಕರ ದೇಸಾಯಿಯವರ ಶಾಲಾಕಾರ್ಯ: ಸಾಧನೆ ಮತ್ತು ಮಿತಿ

ಉತ್ತರ ಕನ್ನಡದ ಕರಾವಳಿಯಲ್ಲಿ ಶಾಲೆಗಳನ್ನು ಹಬ್ಬಿಸಿದವರಲ್ಲಿ ದಿನಕರ ದೇಸಾಯಿಯವರ (1909–1982) ಸ್ಥಾನ ವಿಶಿಷ್ಟವಾದುದು. ನಾಡು ಅವರನ್ನು ಚುಟುಕುಗಳ ಕವಿಯೆಂದು ಹೆಚ್ಚು ನೆನೆಯುತ್ತದೆಯಾದರೂ, ಗೇಣಿದಾರ ರೈತರ ಚಳವಳಿಯನ್ನೂ ಶಿಕ್ಷಣವನ್ನೂ ಒಂದೇ ಕಾರ್ಯದ ಎರಡು ಮುಖಗಳೆಂದು ಕಂಡದ್ದು ಅವರ ಬದುಕಿನ ದೊಡ್ಡ ಕಾಣ್ಕೆ. ಆ ಚಳವಳಿಗಾಗಿ ಬ್ರಿಟಿಷ್ ಸರ್ಕಾರದಿಂದ ಜಿಲ್ಲೆಯಿಂದ ಗಡಿಪಾರಾಗಿದ್ದ ಅವರು, ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿದ್ದಾಗಲೇ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿದರು.

ಈ ಕಾರ್ಯದ ಮೊದಲ ಗುಣ ಶಾಲೆಗೆ ಸ್ಥಳವನ್ನು ಆರಿಸಿದ ರೀತಿಯಲ್ಲಿದೆ. ಅಘನಾಶಿನಿ, ಶರಾವತಿಗಳಂಥ ನದಿಗಳು ಕಡಿದಿಟ್ಟ ಈ ಸೀಮೆಯಲ್ಲಿ ಸೇತುವೆಗಳು ಬರುವ ಮುನ್ನ ಮಳೆಗಾಲದಲ್ಲಿ ತಾರಿ ದಾಟಿ ಪೇಟೆಯ ಹೈಸ್ಕೂಲಿಗೆ ಹೋಗುವುದು ಹಾಲಕ್ಕಿ, ನಾಮಧಾರಿ, ಅಂಬಿಗ, ಖಾರ್ವಿ ಮನೆಗಳ ಮಕ್ಕಳಿಗೆ ಕಷ್ಟಸಾಧ್ಯವಾಗಿತ್ತು. ಕುಮಟಾ ತಾಲೂಕಿನ ಮಿರ್ಜಾನದಂಥ ಊರಿಗೆ ಟ್ರಸ್ಟಿನ ಪ್ರೌಢಶಾಲೆಯಾದ ಜನತಾ ವಿದ್ಯಾಲಯ ಬಂದಾಗ ಓದು ಮುಂದುವರಿಸುವುದಕ್ಕೆ ಮನೆತನದ ಅನುಕೂಲವೊಂದೇ ಆಧಾರವಾಗಿ ಉಳಿಯಲಿಲ್ಲ. ಇದೇ ಕರಾವಳಿಯ ಬೇರೆ ಸಂಸ್ಥೆಗಳೊಡನೆ ಹೋಲಿಸಿದರೆ ಈ ಗುಣ ಸ್ಪಷ್ಟವಾಗುತ್ತದೆ. 1919ರಲ್ಲಿ ಆರಂಭವಾದ ಭಟ್ಕಳದ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ತನ್ನ ಸಮುದಾಯದ ಅಗತ್ಯದಿಂದ ಹೊರಟಿತು. ಮುಂಬಯಿಯ ಶಸ್ತ್ರವೈದ್ಯ ಡಾ. ಎ.ವಿ. ಬಾಳಿಗರ ನೆರವು ಪಡೆದ ಕುಮಟಾದ ಕೆನರಾ ಕಾಲೇಜೂ (1949) ಹೊನ್ನಾವರದ ಎಸ್‌ಡಿಎಂ ಕಾಲೇಜೂ (1964) ಪೇಟೆಯಲ್ಲಿ ಉನ್ನತ ಶಿಕ್ಷಣಕ್ಕೆ ಬಾಗಿಲು ತೆರೆದವು. ಇವು ಮೂರೂ ದೊಡ್ಡ ಸೇವೆಗಳೇ. ಆದರೆ ಹಳ್ಳಿಯ ಗೇಣಿದಾರನ ಮಗುವನ್ನು ಯೋಜನೆಯ ಕೇಂದ್ರದಲ್ಲಿಟ್ಟದ್ದು ದೇಸಾಯಿಯವರ ಕಾರ್ಯ.

ಅದರ ಮಿತಿಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ದೇಸಾಯಿಯವರು ಗೋಪಾಲಕೃಷ್ಣ ಗೋಖಲೆಯವರು ಕಟ್ಟಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಸದಸ್ಯರಾಗಿದ್ದವರು. ಅಂಕೋಲೆಯಲ್ಲಿ ಟ್ರಸ್ಟಿನ ಕಾಲೇಜು ಗೋಖಲೆಯವರ ಜನ್ಮಶತಮಾನೋತ್ಸವದ 1966ರಲ್ಲಿ ಅವರ ಹೆಸರಿನಿಂದಲೇ ಹುಟ್ಟಿತು. ಆದರೆ 1911ರಲ್ಲಿ ಗೋಖಲೆಯವರು ಮಂಡಿಸಿದ, ಮರುವರ್ಷ ಬಿದ್ದುಹೋದ ಮಸೂದೆ ಕೇಳಿದ್ದು ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು. ಟ್ರಸ್ಟಿನ ಬಲವೆಲ್ಲ ಮುಖ್ಯವಾಗಿ ಬಿದ್ದದ್ದು ಪ್ರೌಢಶಾಲೆಯ ಮೇಲೆ. ಓದು ಬರಹದ ಬುನಾದಿ ಬೀಳುವ ಮೊದಲ ತರಗತಿಗಳು ಸರ್ಕಾರದ ಪಾಲಿಗೇ ಉಳಿದವು; ಅಲ್ಲಿ ಎಡವಿದ ಮಗುವಿಗೆ ಹತ್ತಿರದ ಹೈಸ್ಕೂಲೂ ದೂರವೇ. ಎರಡನೆಯ ಮಿತಿ ಅನುದಾನ ಪದ್ಧತಿಯದು, ಅಂದರೆ ಖಾಸಗಿ ಆಡಳಿತದ ಶಾಲೆಯ ಶಿಕ್ಷಕರಿಗೆ ಸರ್ಕಾರವೇ ಸಂಬಳ ಕೊಡುವ ವ್ಯವಸ್ಥೆಯದು. ನಿವೃತ್ತರ ಜಾಗ ತುಂಬಲು ಸರ್ಕಾರದ ಒಪ್ಪಿಗೆ ಬೇಕಾದುದರಿಂದ ಸಂಸ್ಥಾಪಕನ ಸಂಕಲ್ಪ ಎಷ್ಟೇ ದೃಢವಾಗಿದ್ದರೂ ಶಾಲೆಯ ಭವಿಷ್ಯ ಸರ್ಕಾರದ ನೀತಿಗೆ ಒಳಪಟ್ಟಿರುತ್ತದೆ.

ಈ ಕೊರತೆಗಳನ್ನು ತುಂಬುವ ಸಾಧನಗಳು ಇಂದು ಸಾರ್ವಜನಿಕ ವ್ಯವಸ್ಥೆಯ ಕೈಯಲ್ಲಿವೆ. ಶಿಕ್ಷಕರ ತರಬೇತಿ ಮತ್ತು ಶೈಕ್ಷಣಿಕ ಮಾರ್ಗದರ್ಶನಕ್ಕಾಗಿ 1986ರ ರಾಷ್ಟ್ರೀಯ ಶಿಕ್ಷಣ ನೀತಿ ಕಲ್ಪಿಸಿದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಕುಮಟಾದಲ್ಲೇ ಇದೆ. ಪಾಲಕರನ್ನು ಶಾಲೆಯ ಆಡಳಿತಕ್ಕೆ ತಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು 2001ರಿಂದ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿವೆ. ಟ್ರಸ್ಟಿನ ಮಾದರಿಯಲ್ಲಿ ಊರಿಗಾಗಿ ಬೇರೆಯವರು ಶಾಲೆ ಕಟ್ಟಿದರು. ಸಮಿತಿಯ ಮಾದರಿಯಲ್ಲಿ ಊರೇ ಶಾಲೆಯನ್ನು ಪ್ರಶ್ನಿಸಬಲ್ಲದು. ಆದರೆ ತರಬೇತಿ ತರಗತಿಯ ಕಲಿಕೆಯನ್ನು ಮುಟ್ಟದಿದ್ದರೆ, ಸಮಿತಿಯ ಸಭೆ ಸಹಿಯಲ್ಲೇ ಮುಗಿದರೆ, ಈ ಸಾಧನಗಳು ಕಾಗದದ ಮೇಲಷ್ಟೇ ಉಳಿಯುತ್ತವೆ. ಅವಕಾಶದಿಂದ ದೂರವಿರುವ ಮಗು ಯಾವುದೆಂದು ಮೊದಲು ಗುರುತಿಸಿ ಅನಂತರ ಶಾಲೆಯನ್ನು ಯೋಜಿಸುವ ದೇಸಾಯಿಯವರ ಕ್ರಮವನ್ನು ಮೀನುಗಾರರ ಕೇರಿಯ ಒಂದನೆಯ ತರಗತಿಗೆ ಅನ್ವಯಿಸುವುದೇ ಭಟ್ಕಳ, ಹೊನ್ನಾವರ, ಕುಮಟಾಗಳ ಶಾಲಾ ಸುಧಾರಣೆಗೆ ಉಳಿದಿರುವ ಮುಖ್ಯ ಕೆಲಸ.